ಕೆಂಪು ಮುಚ್ಚಳ, ಹಸಿರು ಮುಚ್ಚಳ

೧

ಈ ಕಥೆಯನ್ನು ಎಲ್ಲಿಂದ ಶುರು ಮಾಡಬೇಕೋ ನನಗೆ ಗೊತ್ತಿಲ್ಲ. ಗೊತ್ತಿರುವವರ ಹಾಗೆ ನಟಿಸಿ ಬರೆದ ಮೂರು ಆರಂಭಗಳು ನನ್ನ ಲ್ಯಾಪ್‌ಟಾಪಿನಲ್ಲಿವೆ.

ಮೊದಲನೆಯದು: "ಒಂದು ಕಾಲದಲ್ಲಿ ರಾಸಾಯನಿಕಗಳ ಕುರಿತ ಮಾಹಿತಿ ದಪ್ಪ ದಪ್ಪ ಇಂಗ್ಲಿಷ್ ಪುಸ್ತಕಗಳಲ್ಲಿ, ಬೀಗ ಹಾಕಿದ ಗಾಜಿನ ಬೀರುಗಳಲ್ಲಿ ಇರುತ್ತಿತ್ತು. ಇಂದು ಅದು ಪ್ರತಿಯೊಬ್ಬ ರೈತನ ಅಂಗೈಯಲ್ಲಿದೆ." ಇದನ್ನು ಓದಿದ ಸ್ನೇಹಿತರೊಬ್ಬರು ಯಾವ ಇಲಾಖೆಯ ಕರಪತ್ರ ಎಂದು ಕೇಳಿದರು. ಪಕ್ಕಕ್ಕಿಟ್ಟೆ.

ಎರಡನೆಯದರಲ್ಲಿ ಲಕ್ಷ್ಮಣತೀರ್ಥ ನದಿ, ಅದರ ಮೇಲೆ ಮಂಜು, ಮಂಜಿನೊಳಗಿಂದ ಒಂದು ಕೊಕ್ಕರೆ ಇತ್ತು. ಚೆನ್ನಾಗಿಯೇ ಬಂದಿತ್ತು. ಆದರೆ ಕಥೆ ನಡೆಯುವ ಶುಂಠಿ ಹೊಲದಿಂದ ನದಿ ಕಾಣುವುದೇ ಇಲ್ಲ. ಕೊಕ್ಕರೆಯನ್ನು ಬೇರೆ ಯಾವುದಾದರೂ ಕಥೆಗೆ ಇರಲಿ ಎಂದು ತೆಗೆದಿಟ್ಟಿದ್ದೇನೆ.

ಮೂರನೆಯದು: "ಸುಕನ್ಯ ಬಿದ್ದಳು."

ಇದು ಪರವಾಗಿಲ್ಲ ಅನ್ನಿಸಿತು. ಚಿಕ್ಕ ವಾಕ್ಯ, ನೇರ ವಿಷಯ, ಓದುವವರು ಮುಂದೇನು ಎಂದು ಕೇಳಿಯೇ ಕೇಳುತ್ತಾರೆ. ಇದಕ್ಕೆ ಅಡ್ಡ ಬಂದವಳು ಸುಕನ್ಯಳೇ. ತಾನು ಬಿದ್ದದ್ದು ಆಮೇಲಿನ ಮಾತು, ಅದಕ್ಕೆ ಮೊದಲು ಒಂದು ಡ್ರಮ್ಮಿನ ವಿಚಾರವಿದೆ, ಅದನ್ನು ಹೇಳದೆ ತನ್ನನ್ನು ಬೀಳಿಸಿದರೆ ಓದಿದವರು ತನಗೆ ರಕ್ತ ಕಮ್ಮಿ ಅಂದುಕೊಳ್ಳುತ್ತಾರೆ ಎಂದಳು. ಪಾತ್ರಗಳು ಹೀಗೆ ಬಾಯಿ ಹಾಕುವುದು ನನಗೆ ಇಷ್ಟವಿಲ್ಲ. ಆದರೆ ಅವಳು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ.

೨

ಸುಕನ್ಯ ಮತ್ತು ಬಸವರಾಜು ಗಂಡ ಹೆಂಡಿರು. ಹನಗೋಡಿನಿಂದ ಒಳಕ್ಕೆ ಹೋದರೆ ಸಿಗುವ ಒಂದು ಹಳ್ಳಿಯವರು. (ಹಳ್ಳಿಯ ಹೆಸರು ಬರೆದರೆ ಅಲ್ಲಿನ ಬಸವರಾಜುಗಳೆಲ್ಲ ಫೋನ್ ಮಾಡಿ ಅದು ತಾವಲ್ಲ ಎನ್ನುತ್ತಾರೆ.) ಬೋರ್‌ವೆಲ್ಲಿನಲ್ಲಿ ನೀರಿದೆ, ಹೊಗೆಸೊಪ್ಪು ಬೇಯಿಸುವ ಬ್ಯಾರನ್ ಇದೆ, ಈಚೆಗೆ ಶುಂಠಿಯೂ ಇದೆ. ಹೊಟ್ಟೆ ಬಟ್ಟೆಗೆ ಕೊರತೆಯಿಲ್ಲ. ಇವರ ಹೊಲದ ಪಕ್ಕಕ್ಕೆ ಒಂದು ಬದು. ಬದುವಿನ ಆಚೆ ರಘು, ಅವನ ಹೆಂಡತಿ ಪುಟ್ಟಿ. ಅವರದೂ ಶುಂಠಿಯೇ.

ಈಗ ಡ್ರಮ್ಮು. ಈ ಊರಿನ ಶುಂಠಿ ಬೆಳೆಗಾರರಲ್ಲಿ ಒಂದು ಪದ್ಧತಿ ಇದೆ. ಅಕ್ಕಪಕ್ಕದವರಿಗೆ ಬೀಜ ಕೊಡುತ್ತಾರೆ, ಕರೆಂಟು ಕೈಕೊಟ್ಟರೆ ನೀರು ಬಿಡುತ್ತಾರೆ, ಮದುವೆಗೆ ಬಂದು ಎಲೆ ಎತ್ತುವವರೆಗೂ ನಿಲ್ಲುತ್ತಾರೆ. ಆದರೆ ಯಾವ ಔಷಧಿಗೆ ಯಾವ ಔಷಧಿ ಬೆರೆಸಿ ಹೊಡೆಯುತ್ತೇವೆ ಎಂಬುದನ್ನು ಮಾತ್ರ ಸತ್ತರೂ ಹೇಳುವುದಿಲ್ಲ. ಅದಕ್ಕೆ ಮಿಕ್ಸು ಎಂದು ಹೆಸರು. ಮಿಕ್ಸು ಎಂದರೆ ಮನೆತನದ ಮರ್ಯಾದೆ.

ಬಸವರಾಜು ಈ ವಿಷಯದಲ್ಲಿ ಊರಿಗಿಂತ ಒಂದು ಕೈ ಮೇಲು. ಒಂದೇ ಅಂಗಡಿಯಲ್ಲಿ ಕೊಂಡರೆ ಅಂಗಡಿಯವನಿಗೆ ಮಿಕ್ಸು ತಿಳಿದುಹೋಗುತ್ತದೆ ಎಂದು ಕೆಂಪು ಮುಚ್ಚಳದ ಡಬ್ಬಿಯನ್ನು ಹುಣಸೂರಿನಲ್ಲಿ, ಹಸಿರು ಮುಚ್ಚಳದ್ದನ್ನು ಪಿರಿಯಾಪಟ್ಟಣದಲ್ಲಿ, ಎಲೆಗೆ ಅಂಟಿಕೊಳ್ಳಲೆಂದು ಹಾಕುವ ಗಮ್ಮನ್ನು ಕೆ.ಆರ್. ನಗರದಲ್ಲಿ ಕೊಳ್ಳುತ್ತಿದ್ದ. ಹೊಲಕ್ಕೆ ತಂದ ಮೇಲೆ ಡಬ್ಬಿಗಳನ್ನು ನೀರಿನಲ್ಲಿ ನೆನೆಹಾಕಿ, ಲೇಬಲ್ ಕಿತ್ತು, ಚೂರು ಚೂರು ಮಾಡಿ ಪಂಪ್‌ಸೆಟ್ ಮನೆಯ ಹಿಂದಿನ ಗುಂಡಿಗೆ ಎಸೆಯುತ್ತಿದ್ದ. ಹೆಸರುಗಳನ್ನು ಅವನೂ ನೆನಪಿಡುತ್ತಿರಲಿಲ್ಲ. ಮುಚ್ಚಳದ ಬಣ್ಣ ಸಾಕಿತ್ತು. ಹೆಸರು ತಲೆಯಲ್ಲಿದ್ದರೆ ಯಾವತ್ತಾದರೂ ಬಾಯಿಗೆ ಬಂದೇ ಬರುತ್ತದೆ ಎಂಬುದು ಅವನ ಲೆಕ್ಕಾಚಾರ.

ಅವನು ಪೈಪು ಹಿಡಿದು ಹೊಡೆಯುತ್ತಿದ್ದ. ಡ್ರಮ್ಮಿನ ನೀರಿಗೆ ಔಷಧಿ ಸುರಿದು ಕಲಸುವುದು ಸುಕನ್ಯಳ ಕೆಲಸ. ಕೋಲಿನಲ್ಲಿ ಕಲಸಿದರೆ ತಳದಲ್ಲಿ ಹಾಗೇ ನಿಲ್ಲುತ್ತದೆ ಎಂದು ಅವಳು ಬಳೆ ಮೇಲಕ್ಕೆ ಸರಿಸಿ ಮೊಣಕೈವರೆಗೆ ಕೈ ಇಳಿಸುತ್ತಿದ್ದಳು. ಡ್ರಮ್ಮಿನಲ್ಲಿ ಏನಿದೆ ಎಂದು ಅವಳಿಗೂ ಹೇಳಿರಲಿಲ್ಲ. ಅವಳಿಗೆ ಹೇಳಿದರೆ ಪುಟ್ಟಿಗೆ ಹೋಗುತ್ತದೆ, ಪುಟ್ಟಿಗೆ ಹೋದದ್ದು ರಘುವಿಗೆ ಹೋಗುತ್ತದೆ. ಹಾಗಾಗಿ ಆ ಊರಿನಲ್ಲಿ ಆ ಔಷಧಿಯನ್ನು ಎಲ್ಲರಿಗಿಂತ ಹತ್ತಿರದಿಂದ ಬಲ್ಲ ಕೈಯೊಂದಿತ್ತು, ಆ ಕೈಯವಳಿಗೆ ಅದರ ಹೆಸರು ಗೊತ್ತಿರಲಿಲ್ಲ.

(ಮೇಲಿನ ವಾಕ್ಯ ಸ್ವಲ್ಪ ಭಾಷಣದಂತಾಯಿತು. ಬಿಡಲೋ, ತೆಗೆಯಲೋ ಎಂದು ಯೋಚಿಸಿ ಬಿಟ್ಟಿದ್ದೇನೆ.)

೨, ಮತ್ತೊಮ್ಮೆ

ಇಲ್ಲಿ ಸುಕನ್ಯ ಮತ್ತೆ ತಕರಾರು ತೆಗೆದಳು. ತಾನು ಕೇಳಲೇ ಇಲ್ಲವೆನ್ನುವಂತೆ ಬರೆದಿದ್ದೀರಿ, ತಾನು ಕೇಳಿದ್ದೆ ಎಂದಳು. ಬಸವರಾಜು ಏನಂದ ಎಂದು ನಾನು ಕೇಳಿದೆ.

"ಔಸ್ತಿ ಕಣೆ, ಔಸ್ತಿ ಅಂದ್ರೆ ಔಸ್ತಿ, ಅಂದ್ರು. ಇನ್ನೇನ್ ಅಂತಾರೆ."

ಸರಿ, ಸೇರಿಸಿದ್ದೇನೆ.

೪

(ಮೂರನೆಯ ಭಾಗದಲ್ಲಿ ಶುಂಠಿ ಬೇಸಾಯದ ಚರಿತ್ರೆ ಇತ್ತು. ಯಾರೂ ಓದುವುದಿಲ್ಲ ಎಂಬ ಖಾತ್ರಿ ಇದ್ದುದರಿಂದ ತೆಗೆದೆ.)

ಸುಕನ್ಯ ಬಿದ್ದಳು.

ಬಿಸಿಲು ಏರಿತ್ತು. ಸುಳಿ ಕೊರೆಯುವ ಹುಳು ಜಾಸ್ತಿಯಾಗಿದೆಯೆಂದು ಬಸವರಾಜು ಎರಡನೆಯ ಡ್ರಮ್ಮಿಗೂ ಕೈ ಹಾಕಿಸಿದ್ದ. ಮೊದಲು ಅವಳಿಗೆ ಬೆವರು ಹರಿಯಿತು. ಆಮೇಲೆ ಬಾಯಲ್ಲಿ ನೀರು, ಉಗಿದಷ್ಟೂ ನೀರು. ಎದುರಿಗಿದ್ದ ಗಂಡ ಮಸುಕಾದ. ನಡು ಬಿಸಿಲಿನಲ್ಲಿ ಯಾಕೆ ಹೀಗೆ ಕತ್ತಲಾಗುತ್ತಿದೆ ಎಂದು ಯೋಚಿಸುತ್ತಲೇ ಅವಳು ವಾಂತಿ ಮಾಡಿಕೊಂಡು ಡ್ರಮ್ಮಿನ ಪಕ್ಕ ಕುಸಿದಳು. ಬಸವರಾಜು ಬಿಸಿಲಿಗೆ ಹೀಗಾಯಿತು ಎಂದುಕೊಂಡು ನಿಂಬೆಹಣ್ಣು ಹಿಂಡಲು ಹೋದ. ಅವಳ ಕೈಕಾಲು ಅದುರುವುದನ್ನು ಬದುವಿನ ಆಚೆಯಿಂದ ನೋಡಿದ ರಘು ನಿಂಬೆಹಣ್ಣಿಗೆ ಕಾಯದೆ ತನ್ನ ಓಮ್ನಿ ತಂದ. ಯಾರೋ ಡಬ್ಬಿಯನ್ನೂ ತಗೊಂಡು ಹೋಗಿ ಅಂದರು. ಬಸವರಾಜು ಎರಡು ಡಬ್ಬಿಗಳನ್ನು ಎದೆಗವಚಿಕೊಂಡು ಹತ್ತಿದ.

ಹುಣಸೂರಿನ ಆಸ್ಪತ್ರೆಯಲ್ಲಿ ಡಾಕ್ಟರ್ ಭಾವನಾ ಎಂಬ ಹುಡುಗಿ ಇದ್ದರು. ಸುಕನ್ಯಳ ಕಣ್ಣಿನ ಪಾಪೆ ಸಾಸಿವೆ ಕಾಳಷ್ಟಾಗಿರುವುದನ್ನು ನೋಡಿದವರೇ ಇಂಜೆಕ್ಷನ್ ಶುರು ಮಾಡಿದರು. ಆಮೇಲೆ ಯಾವ ಔಷಧಿ ಎಂದು ಕೇಳಿದರು. ಬಸವರಾಜು ಹೆಮ್ಮೆಯಿಂದಲೇ ಡಬ್ಬಿಗಳನ್ನು ಮುಂದಿಟ್ಟ. ಡಾಕ್ಟರು ಅವನ್ನು ತಿರುಗಿಸಿದರು, ಇನ್ನೊಂದು ಸಲ ತಿರುಗಿಸಿದರು, ತಲೆಕೆಳಗು ಮಾಡಿ ತಳವನ್ನೂ ನೋಡಿದರು. ಆಗಷ್ಟೇ ಎರೆದು ಒರೆಸಿದ ಮಗುವಿನಂತೆ ಎರಡೂ ಡಬ್ಬಿಗಳು ಶುಭ್ರವಾಗಿದ್ದವು.

ಲೇಬಲ್ ಎಲ್ಲಿ ಎಂದರು. ಕಿತ್ತೆ ಎಂದ. ಯಾಕೆ ಎಂದರು. ಬಸವರಾಜು ಪಕ್ಕದಲ್ಲಿ ನಿಂತಿದ್ದ ರಘುವಿನ ಮುಖ ನೋಡಿದ.

ಇದೆಲ್ಲ ಪರದೆಯ ಈಚೆ ಮಲಗಿದ್ದ ಸುಕನ್ಯಳಿಗೆ ಕೇಳಿಸುತ್ತಿತ್ತು. ಉಸಿರು ಎಳೆದುಕೊಳ್ಳುವುದೇ ಒಂದು ಕೆಲಸವಾಗಿತ್ತು. ಆ ಕೆಲಸದ ನಡುವೆಯೂ ಅವಳಿಗೆ ಗಂಡನ ಮೇಲೆ ಸಿಟ್ಟು ಬಂತು. ತಾನು ಸಾಯುತ್ತಿರುವುದು ಯಾವುದರಿಂದ ಎಂದು ತಿಳಿದುಕೊಳ್ಳುವ ಹಕ್ಕಾದರೂ ತನಗೆ ಇರಬೇಕಿತ್ತು ಎನ್ನಿಸಿತು.

೫

ಇಲ್ಲಿ ನಾನು ತಂತ್ರಜ್ಞಾನದ ಬಗ್ಗೆ ಹೇಳಬೇಕು. ನಾನು ಬರೆಯಲು ಹೊರಟ ವಿಷಯ ಅದೇ ತಾನೆ.

ಡಾಕ್ಟರ ಕೈಯಲ್ಲಿ ಫೋನು ಇತ್ತು. ಅದರೊಳಗೆ ಭೂಮಿಯ ಮೇಲೆ ಮನುಷ್ಯ ತಯಾರಿಸಿದ ಹೆಚ್ಚುಕಡಿಮೆ ಎಲ್ಲ ರಾಸಾಯನಿಕಗಳೂ ಇದ್ದವು. ಯಾವುದು ನರಕ್ಕೆ ಹೋಗುತ್ತದೆ, ಯಾವುದು ಶ್ವಾಸಕೋಶಕ್ಕೆ, ಯಾವುದಕ್ಕೆ ಏನು ಕೊಡಬೇಕು, ಏನು ಕೊಡಲೇಬಾರದು, ಎಲ್ಲ ಇತ್ತು. ಹೆಸರು ಒತ್ತಿದರೆ ಸಾಕು. ಈಗ ಕೊಡುತ್ತಿರುವುದು ಲಕ್ಷಣ ನೋಡಿ ಕೊಡುತ್ತಿರುವುದು, ಆದರೆ ಇದರ ಜೊತೆ ಬೇರೇನು ಸೇರಿದೆ ಎಂದು ತಿಳಿಯದಿದ್ದರೆ ಮುಂದೆ ಯಾವುದನ್ನು ನಿಲ್ಲಿಸುವುದು, ಯಾವುದನ್ನು ಹೆಚ್ಚಿಸುವುದು ಎಂದು ಡಾಕ್ಟರು ಕೇಳಿದರು. ಕೇಳಿದ ದನಿಯಲ್ಲಿ ಆತುರವಿತ್ತು.

ಬಸವರಾಜುವಿನ ಹತ್ತಿರವೂ ಫೋನು ಇತ್ತು. ಅವನು ಅದರ ಮೈಕನ್ನು ಬಾಯಿಗೆ ಹಿಡಿದು ಕೆಂಪು ಮುಚ್ಚಳದ ಔಷಧಿ ಎಂದ. ಅದು ಒಂದು ಕೆಮ್ಮಿನ ಸಿರಪ್ಪನ್ನೂ ರಿಯಾಯಿತಿಯಲ್ಲಿದ್ದ ಒಂದು ಕುಕ್ಕರನ್ನೂ ತೋರಿಸಿತು. ಹಸಿರು ಮುಚ್ಚಳ ಎಂದದ್ದಕ್ಕೆ ತಲೆಗೆ ಹಚ್ಚುವ ಎಣ್ಣೆ ಬಂತು. ಹುಣಸೂರಿನ ಅಂಗಡಿಗೆ ಫೋನ್ ಮಾಡಿದರೆ ಕೆಂಪು ಮುಚ್ಚಳದ್ದು ಒಂದು ರಾಕು ತುಂಬ ಇದೆ, ಯಾವುದು ಬೇಕು ಎಂದು ಅವರೇ ಕೇಳಿದರು. ಪಿರಿಯಾಪಟ್ಟಣದವರು ಎತ್ತಲಿಲ್ಲ. ಮೂರು ತಾಲ್ಲೂಕು ಸುತ್ತಿ ಕಾಪಾಡಿದ ಗುಟ್ಟು ಈಗ ಅವನಿಂದಲೂ ತನ್ನನ್ನು ತಾನು ಕಾಪಾಡಿಕೊಂಡಿತ್ತು.

ಅವನು ಗೋಡೆಗೆ ಒರಗಿ ನಿಂತ. ಕಣ್ಣಲ್ಲಿ ನೀರು ಬಂದಿತ್ತು. ಇದನ್ನು ತಮಾಷೆಯಾಗಿ ಬರೆಯಬೇಕೆಂದು ಪ್ರಯತ್ನಿಸಿದೆ, ಆಗಲಿಲ್ಲ.

೬

ಆಗ ರಘು ಒಂದು ಹೆಜ್ಜೆ ಮುಂದೆ ಬಂದ.

"ಬಸ್ರಾಜಣ್ಣ, ಒಂದ್ ಮಾತು. ಅತ್ತಿಗೆ ಜೀವದ್ ಪ್ರಶ್ನೆ ಅಂತ ಏಳ್ತಾ ಇವ್ನಿ. ಇಲ್ದಿದ್ರೆ ಏಳ್ತಿರ್ಲಿಲ್ಲ."

ಹೀಗೆಂದು ತನ್ನ ಫೋನು ತೆಗೆದು ಗ್ಯಾಲರಿ ಬಿಚ್ಚಿದ. ಬಸವರಾಜು ಲೇಬಲ್ ಚೂರುಗಳನ್ನು ಗುಂಡಿಗೆ ಎಸೆದು ಮನೆಗೆ ಹೋದ ಮೇಲೆ ರಘು ಬಂದು ಅವನ್ನು ಆರಿಸಿಕೊಂಡು, ಬದುವಿನ ಕಲ್ಲಿನ ಮೇಲೆ ಒಣಗಿಸಿ, ಅಂಚಿಗೆ ಅಂಚು ಜೋಡಿಸಿ ಫೋಟೋ ಹೊಡೆದುಕೊಳ್ಳುತ್ತಿದ್ದ. ಪ್ರತಿ ಸಲವೂ. ಮಗಳ ಹುಟ್ಟುಹಬ್ಬದ ಕೇಕು, ಅದಾದ ಮೇಲೆ ಬಸವರಾಜುವಿನ ಲೇಬಲ್ಲು, ಆಮೇಲೆ ಕಪಿಲೆ ದಂಡೆಯಲ್ಲಿ ಪುಟ್ಟಿ, ಮತ್ತೆ ಬಸವರಾಜುವಿನ ಲೇಬಲ್ಲು. ಬಸವರಾಜು ಬೆರಳಿನಲ್ಲಿ ಸರಿಸುತ್ತ ಹೋದ. ಅವನ ಬೇಸಾಯದ ಅಷ್ಟೂ ಗುಟ್ಟುಗಳು ನೆರೆಯವನ ಸಂಸಾರದ ಫೋಟೋಗಳ ನಡುವೆ ಸಾಲಾಗಿ ಕೂತಿದ್ದವು.

"ಓದ್ ವರ್ಸದ್ದೂ ಐತಾ?" ಎಂದು ಕೇಳಿದ.

"ಐತೆ ಕಣಣ್ಣ."

ಬೇರೆ ದಿನವಾಗಿದ್ದರೆ ಇಷ್ಟಕ್ಕೆ ಪಂಚಾಯಿತಿ ಸೇರುತ್ತಿತ್ತು. ಇವತ್ತು ಬಸವರಾಜು ಫೋನನ್ನು ಎರಡೂ ಕೈಯಲ್ಲಿ ಹಿಡಿದು ಡಾಕ್ಟರಿಗೆ ಕೊಟ್ಟ.

ಕ್ಯೂಆರ್ ಕೋಡು ನಡುವೆ ಹರಿದಿದ್ದರಿಂದ ಅದು ಓದಲಿಲ್ಲ. ಡಾಕ್ಟರು ಫೋಟೋವನ್ನು ಹಿಗ್ಗಿಸಿ, ಇರುವೆ ಸಾಲಿನಂಥ ಅಕ್ಷರಗಳಲ್ಲಿ ಒಳಗಿನ ರಾಸಾಯನಿಕದ ಹೆಸರು ಹುಡುಕಿ, ತಮ್ಮ ಫೋನಿಗೆ ಒತ್ತಿದರು. ಕೆಂಪು ಮುಚ್ಚಳದ್ದು. ಆಮೇಲೆ ಹಸಿರು ಮುಚ್ಚಳದ್ದು. ಒತ್ತುತ್ತ ಒತ್ತುತ್ತ ನಿಲ್ಲಿಸಿದರು. ಹಿಂದಕ್ಕೆ ಹೋಗಿ ಮೊದಲಿನದನ್ನು ಮತ್ತೆ ನೋಡಿದರು.

ಎರಡೂ ಒಂದೇ. ಕಂಪನಿ ಬೇರೆ, ಹೆಸರು ಬೇರೆ, ಮುಚ್ಚಳ ಬೇರೆ, ಒಳಗಿರುವ ವಿಷ ಒಂದೇ. (ಕಂಪನಿಗಳ ಹೆಸರು ನಾನೂ ಕಿತ್ತಿದ್ದೇನೆ. ವಕೀಲರ ಪತ್ರ ಓದುವ ಶಕ್ತಿ ನನಗಿಲ್ಲ.) ಎರಡನ್ನೂ ಪೂರ್ತಿ ಪೂರ್ತಿ ಅಳತೆಗೆ ಹಾಕುತ್ತಿದ್ದುದರಿಂದ ಡ್ರಮ್ಮಿನಲ್ಲಿದ್ದದ್ದು ಮಿಕ್ಸೇ ಅಲ್ಲ, ಒಂದೇ ವಿಷ ಎರಡರಷ್ಟು.

"ಒಂದು ಉಣ್ಸೂರಿಂದು, ಒಂದು ಪಿರಿಯಾಪಟ್ಣದ್ದು ಕಣ್ರವ್ವ," ಎಂದ ಬಸವರಾಜು.

ಡಾಕ್ಟರು ನರ್ಸನ್ನು ಕರೆದರು. ಬೇರೆ ಏನೂ ಸೇರಿಲ್ಲ ಎನ್ನುವುದು ಖಚಿತವಾದದ್ದರಿಂದ ಮುಂದೇನು ಮಾಡಬೇಕೆಂಬುದೂ ಖಚಿತವಾಗಿತ್ತು.

ರಘು ಮಾತ್ರ ಹೊರಗೆ ಓಡಿದ. ಅವನು ಈ ಮಿಕ್ಸನ್ನು ಕದ್ದದ್ದು ಸುಮ್ಮನೆ ನೋಡಿ ಸಂತೋಷಪಡಲು ಅಲ್ಲವಲ್ಲ. ಅವನ ಹೊಲದಲ್ಲೂ ಡ್ರಮ್ಮು ತುಂಬಿತ್ತು. ಫೋನಿನಲ್ಲಿ ಅವನು "ಪುಟ್ಟಿ, ಕಲಸ್ಬೇಡ, ಕೈ ಇಕ್ಕಬೇಡ, ನಾನ್ ಬರೋಗಂಟ ಮುಟ್ಬೇಡ" ಎಂದು ಮತ್ತೆ ಮತ್ತೆ ಹೇಳುತ್ತಿದ್ದುದು ಕಾರಿಡಾರಿನವರೆಗೂ ಕೇಳಿಸಿತು.

೭

"ನಾನ್ ಮೊದ್ಲೇ ಏಳಿದ್ದೆ," ಎಂದಳು ಸುಕನ್ಯ. ಈ ಮಾತು ಡಾಕ್ಟರಿಗಲ್ಲ, ಗಂಡನಿಗೂ ಅಲ್ಲ, ನನಗೆ. "ಎಲ್ಡೂ ಒಂದೇ ವಾಸ್ನೆ ಬತ್ತದೆ ಅಂತ ಇವರಿಗೆ ಏಳಿದ್ದೆ. ನಿಮಗೂ ಏಳಿದ್ದೆ. ಯಾಕ್ ಸಾರ್ ಬರೀಲಿಲ್ಲ?"

ಅವಳು ಹೇಳಿದ್ದು ನಿಜ. ಎರಡನೆಯ ಭಾಗದಲ್ಲೇ ಹೇಳಿದ್ದಳು. ಅಲ್ಲೇ ಬರೆದಿದ್ದರೆ ಆರನೆಯ ಭಾಗದಲ್ಲಿ ಓದುಗರು ಬೆಚ್ಚುತ್ತಿರಲಿಲ್ಲ. ಅದಕ್ಕೇ ಕಿತ್ತಿದ್ದೆ. ಕಥೆ ಬರೆಯುವವರಲ್ಲೂ ಪದ್ಧತಿಗಳಿವೆ, ನಮ್ಮ ಪಂಪ್‌ಸೆಟ್ ಮನೆಯ ಹಿಂದೆಯೂ ಒಂದು ಗುಂಡಿ ಇದೆ ಎಂದು ಅವಳಿಗೆ ವಿವರಿಸಲು ಹೋದೆ. ಅವಳು ಗಂಡನನ್ನು ನೋಡಿದ ಹಾಗೆಯೇ ನನ್ನನ್ನೂ ನೋಡಿದಳು.

೮

ಈಗ ಕೊನೆಗಳು. ಆರಿಸಿಕೊಳ್ಳಿ.

ಕೊನೆ ಅ: ಸುಕನ್ಯ ಸಾಯುತ್ತಾಳೆ. ಬಸವರಾಜು ಬೋಳು ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಕೂರುತ್ತಾನೆ. ಇಂಥ ಕೊನೆಗೆ ಬಹುಮಾನ ಬರುವ ಸಂಭವವಿದೆ. ಸುಕನ್ಯ ಇದನ್ನು ಕೇಳಿ, "ನಾನ್ ಸಾಯಾಕಿಲ್ಲ ಬುಡಿ, ನಿಮಗೆ ಬೇಕಿದ್ರೆ ಬ್ಯಾರೆ ಯಾರಾದ್ರೂ ನೋಡ್ಕಳಿ," ಎಂದಳು. ಅವಳ ಉಸಿರಾಟ ಅಷ್ಟು ಹೊತ್ತಿಗೆ ಸರಿಹೋಗಿತ್ತು. ಅವಳು ಬದುಕಿದಳು. ಈ ಒಂದು ವಿಷಯದಲ್ಲಿ ಪರ್ಯಾಯವಿಲ್ಲ.

ಕೊನೆ ಆ: ಬಸವರಾಜು ಪಶ್ಚಾತ್ತಾಪಪಟ್ಟು ವಾಟ್ಸಾಪ್ ಗುಂಪು ಕಟ್ಟುತ್ತಾನೆ. ಊರವರೆಲ್ಲ ಲೇಬಲ್ ಫೋಟೋ ಹಾಕುತ್ತಾರೆ. ಗುಟ್ಟಿನ ಯುಗ ಮುಗಿದು ಬೆಳಕಿನ ಯುಗ ಆರಂಭವಾಗುತ್ತದೆ. ಗುಂಪು ನಿಜವಾಗಿಯೂ ಶುರುವಾಯಿತು. ಎರಡು ಲೇಬಲ್ ಬಂದವು. ಆಮೇಲೆ ಬರೀ ಶುಭೋದಯ ಬರತೊಡಗಿತು.

ಕೊನೆ ಇ ಎಂದು ಬರೆದು ತುಂಬ ಹೊತ್ತು ಕೂತಿದ್ದೆ. ನಡೆದದ್ದನ್ನೇ ಹೇಳಿಬಿಡುತ್ತೇನೆ.

೯

ಸುಕನ್ಯ ಮನೆಗೆ ಬಂದು, ಅನ್ನ ಸೇರುವಂತಾಗಿ, ಮತ್ತೆ ಹೊಲದ ಕಡೆ ಹೋಗುವ ಹೊತ್ತಿಗೆ ಶುಂಠಿಯ ಸುಳಿಗಳು ಅಲ್ಲಲ್ಲಿ ಹಳದಿಯಾಗುತ್ತಿದ್ದವು. ಹುಳು ಆಸ್ಪತ್ರೆಗೆ ಬಂದು ವಿಚಾರಿಸಿಕೊಂಡು ಹೋಗಿರಲಿಲ್ಲ.

ಒಂದು ಬೆಳಿಗ್ಗೆ ಬಸವರಾಜು ಹೊಸ ಡಬ್ಬಿ ತಂದ. ಒಂದೇ ಡಬ್ಬಿ. ಲೇಬಲ್ ಇತ್ತು. ಹೆಂಡತಿಯನ್ನು ಬದುವಿನ ಮೇಲೆ ಕೂರಿಸಿ, ಡಬ್ಬಿಯನ್ನೂ ತನ್ನ ಫೋನನ್ನೂ ಅವಳ ಮುಂದಿಟ್ಟ. ನೀನೇ ನೋಡು, ಇನ್ಮೇಲೆ ನಿನಗೆ ಗೊತ್ತಿಲ್ಲದ್ದು ಏನೂ ಬೇಡ ಎಂದ. ಮನಸ್ಸಿನಿಂದಲೇ ಅಂದ. ಅವಳಿಗೂ ಅದು ತಟ್ಟಿತು. ಇಷ್ಟು ವರ್ಷದಲ್ಲಿ ಅವನು ಅವಳಿಗೆ ಕೊಟ್ಟ ಸೀರೆಗಳಿಗಿಂತ ಇದು ದೊಡ್ಡದು ಎಂದು ಅನ್ನಿಸಿತು. ಆಚೆಯಿಂದ ರಘು ಮತ್ತು ಪುಟ್ಟಿಯೂ ಬಂದು ನಿಂತರು. ಕದಿಯಲು ಏನೂ ಉಳಿದಿರಲಿಲ್ಲವಾದ್ದರಿಂದ ಬದುವಿನ ಈಚೆಗೇ ಬಂದರು.

ಸುಕನ್ಯ ಕ್ಯೂಆರ್ ಕೋಡಿನ ಮೇಲೆ ಫೋನು ಹಿಡಿದಳು. ಒಂದು ಪುಟ ಬಿಚ್ಚಿತು. ಸ್ಪೀಕರಿನ ಗುರುತು ಒತ್ತಿದಳು. ರೈಲ್ವೆ ಸ್ಟೇಷನ್ನಿನಲ್ಲಿ ರೈಲು ಬರುವುದನ್ನು ಹೇಳುವ ಹೆಂಗಸಿನಂಥ ದನಿಯೊಂದು ಕನ್ನಡದಲ್ಲಿ ಓದತೊಡಗಿತು. ರಾಸಾಯನಿಕದ ಹೆಸರು ಹೇಳಿತು. ಅದು ಮೈಯೊಳಗೆ ಏನು ಮಾಡುತ್ತದೆ ಎಂದು ಹೇಳಿತು. ಕೈಗವಸು, ಮುಖಗವಸು, ಕನ್ನಡಕ, ಗಂಬೂಟು ಧರಿಸಬೇಕು ಎಂದಿತು. ಯಾವ ಕಾರಣಕ್ಕೂ ಬರಿಗೈಯಲ್ಲಿ ಕಲಸಬಾರದು ಎಂದಿತು. ಕೊನೆಗೆ, ಈ ಮಾಹಿತಿಯು ನಿಮಗೆ ಉಪಯುಕ್ತವಾಯಿತೇ ಎಂದು ಕೇಳಿ ಉತ್ತರಕ್ಕೆ ಕಾಯಿತು.

ಡ್ರಮ್ಮಿನಲ್ಲಿ ನೀರು ತುಂಬಿತ್ತು. ಕೈಗವಸಿಗೆ ಹನಗೋಡಿನ ಅಂಗಡಿಯಲ್ಲಿ ಹೇಳಿದ್ದೇನೆ, ಸೋಮವಾರ ಬರುತ್ತದಂತೆ ಎಂದ ಬಸವರಾಜು. ಸೋಮವಾರದವರೆಗೆ ಹುಳು ಕಾಯುವುದಿಲ್ಲ ಎಂದು ಎಲ್ಲರಿಗೂ ಗೊತ್ತಿತ್ತು. ಅವನು ಹೊಲದ ಹಳದಿ ಸುಳಿಗಳನ್ನು ನೋಡಿದ, ಡ್ರಮ್ಮು ನೋಡಿದ, ಆಮೇಲೆ ಅವನ ಕಣ್ಣು ತಾನಾಗಿಯೇ ಸುಕನ್ಯಳ ಬಲಗೈ ಮೇಲೆ ಬಂದು ನಿಂತಿತು. ಕೆಟ್ಟ ಮನುಷ್ಯನಲ್ಲ ಅವನು. ಅಭ್ಯಾಸ.

ಸುಕನ್ಯ ಕೈಯನ್ನು ಸೆರಗಿನ ಒಳಗೆ ತೆಗೆದುಕೊಂಡಳು.

"ಈಗ ಎಲ್ಲಾರ್ಗೂ ಎಲ್ಲಾ ಗೊತ್ತಾಯ್ತಲ್ಲ," ಎಂದಳು. "ಕಲಸೋರ್ ಯಾರು?"

ರಘು ಬೇರೆ ಕಡೆ ನೋಡಿದ. ಪುಟ್ಟಿ ಕೂಡ ತನ್ನ ಕೈಯನ್ನು ಸೆರಗಿನೊಳಗೆ ಸೇರಿಸಿಕೊಂಡಳು. ಸುಕನ್ಯ ಒಬ್ಬೊಬ್ಬರ ಮುಖವನ್ನೂ ನೋಡುತ್ತ ಬಂದು ಕೊನೆಗೆ ನನ್ನ ಕಡೆ ತಿರುಗಿದಳು. ನೀವೂ ಎಲ್ಲ ತಿಳಿದುಕೊಂಡಿದ್ದೀರಲ್ಲ ಸಾರ್, ಇನ್ನೊಬ್ಬರ ವಿಷದ ಮೇಲೆ ಇಷ್ಟುದ್ದ ಬರೆದಿರಲ್ಲ, ಮುಂದೇನು ಬರೆಯುತ್ತೀರಿ ಎಂದು ಕೇಳಿದಳು.

ಮುಂದಿನ ವಾಕ್ಯ ನನಗೆ ಗೊತ್ತು. ಅದು ಯಾವ ಪದದಿಂದ ಶುರುವಾಗುತ್ತದೆ ಎಂದೂ ಗೊತ್ತು. ಆದರೆ ಅದನ್ನು ಬರೆದ ಗಳಿಗೆಯಲ್ಲಿ ಯಾರದಾದರೂ ಕೈ ಆ ಡ್ರಮ್ಮಿಗೆ ಇಳಿಯಲೇಬೇಕು, ಮತ್ತು ಅದು ಯಾರ ಕೈ ಎಂದು ಊಹಿಸುವುದು ನಿಮಗೂ ಕಷ್ಟವಿಲ್ಲ. ಸದ್ಯಕ್ಕೆ ಅವಳ ಎರಡೂ ಕೈಗಳು ಸೆರಗಿನೊಳಗೆ ಬೆಚ್ಚಗಿವೆ. ನಾನು ಬರೆಯುತ್ತಿಲ್ಲ.